ಹೂವು ಮೇಲೆ, ಬೇಟೆ ಮಣ್ಣೊಳಗೆ

ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಸಕಲೇಶಪುರದ ಕಡೆ ಹೋಗಿ. ಬಿಸ್ಲೆ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆದರೂ ಸಾಕು. ನೀರು ಜಿನುಗುವ ಬಂಡೆ ಮೇಲೆ, ಜೌಗು ಹಡ್ಲಿನ ಅಂಚಲ್ಲಿ ಪುಟಾಣಿ ನೀಲಿ-ನೇರಳೆ ಹೂಗಳು ಸಿಗುತ್ತವೆ. ಎಲ್ಲರೂ ಮೊಬೈಲ್ ತೆಗೆದು ಮೇಲಿಂದ ಒಂದು ಫೋಟೊ ಹೊಡೆಯುತ್ತಾರೆ. ಆ್ಯಪ್ ಏನೋ ಒಂದು ಹೆಸರು ಹೇಳುತ್ತದೆ. ಮುಗೀತು! ನನಗೆ ಕಿರಿಕಿರಿಯಾಗುವುದು ಇಲ್ಲೇ. ಬರೀ ಬಣ್ಣ ನೋಡಿ ಹೂವು ಗುರುತಿಸೋಕಾಗಲ್ಲ. ಕುಕ್ಕರುಗಾಲಲ್ಲಿ ಕೂತು ಪಕ್ಕದಿಂದ ನೋಡಬೇಕು.

ಹಿಂದೆ ಕೊಂಬಿನಂಥ ಮೊನೆ ಇದೆಯಾ? ಅಷ್ಟಕ್ಕೇ ಕರ್ಣಕುಂಡಲದ ಬಳಗ ಅನ್ನಬೇಡಿ. ಅದರಲ್ಲಿ ಐದು ಕೇಸರಗಳು ಒಂದಕ್ಕೊಂದು ಅಂಟಿರುತ್ತವೆ. ನಿಮ್ಮೆದುರಿನ ಹೂವಲ್ಲಿ ಎರಡೇ ಕೇಸರವಾ? ದಳಗಳು ಕೂಡಿ ಮೇಲೊಂದು, ಕೆಳಗೊಂದು ತುಟಿಯಾಗಿದೆಯಾ? ಹಾಗಿದ್ದರೆ ಅದು ಯುಟ್ರಿಕ್ಯುಲೇರಿಯಾ, ಪುಟ್ಟ ಜೀವಿಗಳನ್ನು ಹಿಡಿದು ತಿನ್ನುವ ಗಿಡ. ಹೀಗೆ ಒಂದೊಂದೇ ಪ್ರಶ್ನೆ ಕೇಳುತ್ತಾ ಗಿಡ ಗುರುತಿಸುವ ದಾರಿ ಹಾಸನದವರಿಗೆ ಹೊಸದಲ್ಲ. ಸಸ್ಯವಿಜ್ಞಾನಿಗಳಾದ ಸೆಸಿಲ್ ಸಲ್ಡಾನಾ ಮತ್ತು ಡ್ಯಾನ್ ನಿಕಲ್ಸನ್ 1976ರಲ್ಲೇ ಈ ಜಿಲ್ಲೆಯ ಸಸ್ಯಗಳದ್ದೇ ಒಂದು ದಪ್ಪ ಗ್ರಂಥ ತಂದರು.

'ಓಹ್, ಕೀಟ ತಿನ್ನೋ ಹೂವಾ?' ಅಂತ ಕೆಲವರು ಬೆರಳು ಹಿಂದೆ ಎಳೆದುಕೊಳ್ಳುತ್ತಾರೆ. ಹೂವು ಯಾರನ್ನೂ ತಿನ್ನಲ್ಲ. ಪರಾಗ ಸಾಗಿಸೋಕೆ ಅದಕ್ಕೆ ಕೀಟ ಬೇಕು, ಅಲ್ವಾ? ಬೇಟೆ ನಡೆಯುವುದು ಒದ್ದೆ ಮಣ್ಣೊಳಗೆ. ಈ ಗಿಡಕ್ಕೆ ಬೇರೇ ಇಲ್ಲ. ಬೇರಿನ ಜಾಗದಲ್ಲಿ ನೂಲಿನಂಥ ಎಳೆಗಳು, ಅವುಗಳ ಮೇಲೆ ಸಾಸಿವೆಗಿಂತ ಚಿಕ್ಕ ಚೀಲಗಳು. ಚೀಲ ತನ್ನೊಳಗಿನ ನೀರನ್ನು ಹೊರಗೆ ತಳ್ಳುತ್ತದೆ. ಗೋಡೆಗಳು ಒಳಕ್ಕೆ ಕುಗ್ಗುತ್ತವೆ. ಒಳಗೆ ಒತ್ತಡ ಕಡಿಮೆ, ಹೊರಗೆ ಜಾಸ್ತಿ. ಔಷಧಿ ಡ್ರಾಪರ್‌ನ ರಬ್ಬರ್ ಒತ್ತಿ ಹಿಡಿದ ಸ್ಥಿತಿ ಅದು. ಬಾಯಲ್ಲೊಂದು ಪುಟ್ಟ ಬಾಗಿಲು. ಸೂಕ್ಷ್ಮ ಜೀವಿಯೊಂದು ಅಲ್ಲಿ ತಗುಲಿತೋ, ಬಾಗಿಲು ಒಳಕ್ಕೆ ಮಡಚುತ್ತದೆ, ಗೋಡೆ ಪಟ್ಟನೆ ಉಬ್ಬುತ್ತದೆ, ನೀರಿನ ಜೊತೆ ಜೀವಿಯೂ ಒಳಗೆ! ನೀರಲ್ಲಿ ತೇಲುವ ಇದೇ ಕುಲದ ಗಿಡಗಳಲ್ಲಿ ಅಳೆದು ನೋಡಿದ್ದಾರೆ: ಈ ಎಳೆತಕ್ಕೆ ಸೆಕೆಂಡಿನ 1000ದ ಒಂದು ಭಾಗದಷ್ಟು ಹೊತ್ತೂ ಬೇಡ. ಡಾರ್ವಿನ್‌ಗೂ ಇದು ಹೊಳೆದಿರಲಿಲ್ಲ. ಜೀವಿಗಳೇ ತಲೆಯಿಂದ ಬಾಗಿಲು ನೂಕಿಕೊಂಡು ಒಳಗೆ ಹೋಗುತ್ತವೆ ಎಂದು 1875ರಲ್ಲಿ ಬರೆದ.

ಇಷ್ಟೆಲ್ಲ ಕಷ್ಟ ಯಾಕೆ? ಮಲೆನಾಡಿನ ಮಳೆ ಬಂಡೆಯ ಮೇಲಿನ ತೆಳು ಮಣ್ಣಿನ ಸಾರವನ್ನೆಲ್ಲ ತೊಳೆದುಬಿಡುತ್ತದೆ. ಸಾರಜನಕ, ರಂಜಕ ಎರಡನ್ನೂ ಹೀಗೆ ಹಿಡಿದೇ ತಿನ್ನಬೇಕು.

ಚೀಲ ನೋಡೋಣ ಅಂತ ಸುಮ್ನೆ ಗಿಡ ಕೀಳಬೇಡಿ. ಎಳೆಗಳು ಹರಿದು ಮಣ್ಣಲ್ಲೇ ಉಳಿಯುತ್ತವೆ, ನಿಮಗೆ ಏನೂ ಕಾಣಲ್ಲ. ಪಕ್ಕದಿಂದ ಒಂದು ಫೋಟೊ ತೆಗೆಯಿರಿ, ಕಾಯಿ ಬಿಟ್ಟಿದ್ದರೆ ಅದರದ್ದೂ ಒಂದು. ಯಾವ ಪ್ರಭೇದ ಅಂತ ಹೇಳೋಕೆ ಬಲ್ಲವರೂ ಎಷ್ಟೋ ಸಲ ಬೀಜವನ್ನೇ ಕೇಳುತ್ತಾರೆ.