ತಾರಸಿ ಮೇಲೆ ಸೋಲಾರ್, ಮನೆಯೊಳಗೆ ಬ್ಯಾಟರಿ: ಅಸಲು ಹುಟ್ಟೋ ಲೆಕ್ಕ ಯಾಕೆ ಬದಲಾಗುತ್ತಲೇ ಇದೆ?

ಪುಣೆಯ ಯಾವುದೇ ಹೌಸಿಂಗ್ ಸೊಸೈಟಿಯ ಸಭೆಗೆ ಹೋಗಿ, ಈ ಮಾತು ಬಂದೇ ಬರುತ್ತದೆ. ಸೋಲಾರ್ ಹಾಕಿಸಿದರೆ ಅಸಲು ಹುಟ್ಟುತ್ತಾ? ಬ್ಯಾಟರಿಯೂ ಬೇಕಾ? ಒಬ್ಬರು ನಾಲ್ಕೇ ವರ್ಷ ಸಾಕು ಅನ್ನುತ್ತಾರೆ. ಇನ್ನೊಬ್ಬರು ಹತ್ತಾದರೂ ಬೇಕು ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ಬೇರೆ ಬೇರೆ ಕಾಲದ ನಿಯಮ ಇಟ್ಟುಕೊಂಡು ಲೆಕ್ಕ ಹಾಕುತ್ತಿದ್ದಾರೆ, ಅಷ್ಟೇ.

ಊರಿನ ಕಡೆ ಸಣ್ಣ ಸೋಲಾರ್ ನಮಗೆ ಹೊಸದೇನಲ್ಲ. 1995ರಲ್ಲಿ ಶುರುವಾದ ಸೆಲ್ಕೋ ಅನ್ನುವ ಸೋಲಾರ್ ಕಂಪನಿ, ಬ್ಯಾಂಕ್ ಸಾಲದ ಮೇಲೆ ಕರ್ನಾಟಕದ ಹಳ್ಳಿ ಮನೆಗಳಿಗೆ ದೀಪ ಕೊಟ್ಟಿತು. ಪುಣೆಯಲ್ಲಿ ತಾರಸಿ ಹತ್ತಿದ್ದು ಮೊದಲು ವಾಟರ್ ಹೀಟರ್. ಅದಕ್ಕೆ ಮಹಾನಗರಪಾಲಿಕೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿಯನ್ನೂ ಕೊಟ್ಟಿತು. 2010ರಲ್ಲಿ ರಾಷ್ಟ್ರೀಯ ಸೋಲಾರ್ ಮಿಷನ್ ಬಂತು. 2015ರಲ್ಲಿ ಅದರ ಗುರಿ 100 ಗಿಗಾವ್ಯಾಟ್‌ಗೆ ಏರಿತು, ಅದರಲ್ಲಿ 40 ಗಿಗಾವ್ಯಾಟ್ ತಾರಸಿಗಳದ್ದು.

ನಡುವೆ ಪುಣೆಯಲ್ಲೇ ನಡೆದ ಒಂದು ಪ್ರಯೋಗವನ್ನು ಬಹಳ ಜನ ಮರೆತಿದ್ದಾರೆ. 2006ರ ಹೊತ್ತಿಗೆ ರಾಜ್ಯದ ತುಂಬಾ ಲೋಡ್‌ಶೆಡ್ಡಿಂಗ್. ಆಗ ಇಲ್ಲಿನ ಕಾರ್ಖಾನೆಗಳು ತಮ್ಮ ಸ್ವಂತ ಜನರೇಟರ್‌ಗಳನ್ನು ಬೇಡಿಕೆ ಜಾಸ್ತಿ ಇರುವ ಹೊತ್ತಿನಲ್ಲಿ ಓಡಿಸಿದವು. ಅವು ಬಳಸದೆ ಬಿಟ್ಟ ವಿದ್ಯುತ್ ಊರಿಗೆ ಸಿಕ್ಕಿತು. ಡೀಸೆಲ್ಲಿನ ಹೆಚ್ಚುವರಿ ಖರ್ಚನ್ನು ಗ್ರಾಹಕರ ಬಿಲ್ಲಿಗೆ ಹಂಚಲಾಯಿತು. ಇದಕ್ಕೆ ‘ಪುಣೆ ಮಾದರಿ’ ಅಂತಲೇ ಹೆಸರು. ಅಲ್ಲಲ್ಲಿ ಚದುರಿದ ಸಣ್ಣ ಮೂಲಗಳಿಗೂ ಬೆಲೆ ಇದೆ, ಅದೂ ಸರಿಯಾದ ಹೊತ್ತಿಗೆ ಸಿಕ್ಕರೆ ಜಾಸ್ತಿ ಬೆಲೆ ಇದೆ ಅಂತ ಆಗಲೇ ಗೊತ್ತಾಗಿತ್ತು.

ಈಗಿನ ಗೋಜಲು ಶುರುವಾಗಿದ್ದು 2015ರಲ್ಲಿ. ಆ ವರ್ಷ ಮಹಾರಾಷ್ಟ್ರ ವಿದ್ಯುತ್ ನಿಯಂತ್ರಣ ಆಯೋಗ ನೆಟ್ ಮೀಟರಿಂಗ್ ನಿಯಮ ತಂದಿತು. ವಿಷಯ ಸರಳ. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ತಯಾರಾದ ವಿದ್ಯುತ್ ಗ್ರಿಡ್ಡಿಗೆ, ಅಂದರೆ ಊರಿನ ವಿದ್ಯುತ್ ಜಾಲಕ್ಕೆ, ಹೋಗುತ್ತದೆ. ರಾತ್ರಿ ಅಷ್ಟೇ ಯುನಿಟ್ ವಾಪಸ್ ಬರುತ್ತದೆ. ಬಿಲ್ ಬರುವುದು ವ್ಯತ್ಯಾಸಕ್ಕೆ ಮಾತ್ರ. ಅಂದರೆ ಗ್ರಿಡ್ಡೇ ನಮ್ಮ ಬ್ಯಾಟರಿ, ಅದೂ ಪುಕ್ಕಟೆ! ಹೀಗಿರುವಾಗ ದುಡ್ಡು ಕೊಟ್ಟು ಬ್ಯಾಟರಿ ಯಾರು ತರುತ್ತಾರೆ?

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಇಲ್ಲಿನ ದರ ಹಂತ ಹಂತವಾಗಿ ಏರುತ್ತದೆ. ಸೋಲಾರ್ ಮೊದಲು ಕತ್ತರಿಸುವುದು ಮೇಲಿನ, ದುಬಾರಿ ಹಂತದ ಯುನಿಟ್‌ಗಳನ್ನು. 3 ಕಿಲೋವ್ಯಾಟ್ ಪ್ಯಾನೆಲ್ ಪುಣೆಯ ಬಿಸಿಲಿಗೆ ತಿಂಗಳಿಗೆ ಸುಮಾರು 350 ಯುನಿಟ್ ಕೊಡುತ್ತದೆ, ಮಳೆಗಾಲದಲ್ಲಿ ಅದಕ್ಕಿಂತ ಬಹಳ ಕಡಿಮೆ. ಎಸಿ, ಗೀಸರ್ ಇರುವ 400 ಯುನಿಟ್‌ನ ಮನೆಗೆ ಅಸಲು ಬೇಗ ಹುಟ್ಟುತ್ತದೆ. 100 ಯುನಿಟ್ ಒಳಗೆ ಬಾಳುವ ಮನೆಗೆ ಅದೇ ಪ್ಯಾನೆಲ್ ಗಿಟ್ಟುವುದಿಲ್ಲ. ವರ್ಷದ ಕೊನೆಗೆ ಉಳಿದ ಯುನಿಟ್‌ಗೆ ಸಿಗುವ ದರವೂ ತೀರಾ ಕಡಿಮೆ.

ಆಮೇಲೆ ಶುರುವಾಯಿತು ಎಳೆದಾಟ. ಚೆನ್ನಾಗಿ ಬಿಲ್ ಕಟ್ಟುವವರೇ ಸೋಲಾರ್‌ಗೆ ಹೋದರೆ ತಂತಿ, ಕಂಬದ ಖರ್ಚು ಯಾರು ಹೊರಬೇಕು ಅನ್ನುವುದು ವಿದ್ಯುತ್ ಹಂಚುವ ಕಂಪನಿಗಳ ವಾದ. ಅದರಲ್ಲಿ ಹುರುಳಿಲ್ಲ ಅನ್ನುವಂತಿಲ್ಲ. ರಾಜ್ಯದಲ್ಲಿ 2019ರಲ್ಲಿ ಹೊಸ ನಿಯಮ ಬಂತು. ಕೇಂದ್ರವು 2020ರ ಡಿಸೆಂಬರಿನಲ್ಲಿ ನೆಟ್ ಮೀಟರಿಂಗನ್ನು 10 ಕಿಲೋವ್ಯಾಟ್‌ಗೆ ಸೀಮಿತ ಮಾಡಿತು. 2021ರ ಜೂನ್‌ನಲ್ಲಿ ಮತ್ತೆ 500 ಕಿಲೋವ್ಯಾಟ್‌ಗೆ ಏರಿಸಿತು. ಆರೇ ತಿಂಗಳು! ಪ್ಯಾನೆಲ್ ಬಾಳುವುದು 25 ವರ್ಷ. ಸಾಲ ಮಾಡಿ ಹಾಕಿಸುವ ಸೊಸೈಟಿ ಯಾವ ನಿಯಮ ನಂಬಿ ಲೆಕ್ಕ ಹಾಕಬೇಕು?

ಬ್ಯಾಟರಿ ಲೆಕ್ಕ ನೋಡೋಣ. ಇನ್ವರ್ಟರ್‌ಗೆ ಹಾಕುವ 150 ಆಂಪಿಯರ್ ಅವರ್‌ನ ಲೆಡ್ ಆಸಿಡ್ ಬ್ಯಾಟರಿಯಲ್ಲಿ 1.8 ಯುನಿಟ್ ಹಿಡಿಯುತ್ತದೆ. ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧವೇ ಬಳಸಬೇಕು. 15,000 ರೂಪಾಯಿ ಕೊಟ್ಟು ಸಾವಿರ ಸಲ ಚಾರ್ಜ್ ಮಾಡಿದರೆ, ಕೂಡಿಡುವ ಖರ್ಚೇ ಯುನಿಟ್‌ಗೆ 16 ರೂಪಾಯಿ ದಾಟುತ್ತದೆ. ಲಿಥಿಯಂನದ್ದು ಬೇರೆ ಕಥೆ. 5 ಯುನಿಟ್‌ನ ಬ್ಯಾಟರಿಗೆ ಒಂದು ಲಕ್ಷ ಅಂದುಕೊಳ್ಳಿ. ದಿನಾ ತುಂಬಿಸಿ ಖಾಲಿ ಮಾಡಿದರೆ, ಸವಕಳಿ ಕಳೆದು ಹತ್ತು ವರ್ಷದಲ್ಲಿ ಸುಮಾರು 16,000 ಯುನಿಟ್. ಖರ್ಚು ಯುನಿಟ್‌ಗೆ ಸುಮಾರು 6 ರೂಪಾಯಿ. ಆದರೆ ‘ದಿನಾ’ ಅನ್ನುವ ಷರತ್ತು ಮುಖ್ಯ. ತಿಂಗಳಿಗೆ ಎರಡು ಸಲ ಕರೆಂಟ್ ಹೋಗುವ ಮನೆಯಲ್ಲಿ ಅದು ಸುಮ್ನೆ ಕೂತಿರುತ್ತದೆ. ಮುಂಬೈನಲ್ಲಂತೂ ಕರೆಂಟ್ ಹೋಗುವುದೇ ಅಪರೂಪ, 2020ರ ಅಕ್ಟೋಬರ್ 12ರಂಥ ದಿನ ಬಿಟ್ಟರೆ. ಇನ್ನೊಂದು ವಿಷಯ: ಬ್ಯಾಟರಿ ಇಲ್ಲದ ಗ್ರಿಡ್ ಸೋಲಾರ್, ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಲೈನ್‌ಮನ್ ಜೀವ ಉಳಿಸಲು ಹಾಗೆ ಮಾಡಿರುತ್ತಾರೆ. ಹಾಕಿಸುವ ಮೊದಲು ಇದನ್ನು ಹೇಳುವವರು ಕಡಿಮೆ.

ಚಿಂಚ್‌ವಾಡದಲ್ಲೋ ಕೋಥ್ರೂಡಿನಲ್ಲೋ ಉಡುಪಿ ಹೋಟೆಲ್ ನಡೆಸುವವರ ಲೆಕ್ಕ ಪೂರ್ತಿ ಬೇರೆ. ಸಣ್ಣ ಜನರೇಟರ್ ಒಂದು ಲೀಟರ್ ಡೀಸೆಲ್‌ಗೆ ಮೂರು ಯುನಿಟ್ ಕೊಡುತ್ತದೆ, ಅಂದರೆ ಇಂಧನಕ್ಕೇ ಯುನಿಟ್‌ಗೆ 30 ರೂಪಾಯಿ. ಅಂಥ ಕಡೆ ಲಿಥಿಯಂ ಸಲೀಸಾಗಿ ಗೆಲ್ಲುತ್ತದೆ. ಅದಕ್ಕೂ ಮೊದಲು ಮಾಡಬಹುದಾದ ಪುಕ್ಕಟೆ ಕೆಲಸ ಇದೆ. ದೋಸೆ ಹಿಟ್ಟು ರುಬ್ಬುವುದನ್ನು ಬಿಸಿಲಿನ ಹೊತ್ತಿಗೆ ಇಟ್ಟುಕೊಳ್ಳುವುದು. ಸೊಸೈಟಿಯಲ್ಲೂ ಪಂಪನ್ನು ಬೆಳಗ್ಗೆ 6ರ ಬದಲು 12ಕ್ಕೆ ಹಾಕಿದರೆ, ಮೇಲಿನ ಟ್ಯಾಂಕ್ ತುಂಬುವುದು ನೇರ ಸೋಲಾರ್‌ನಿಂದ.

2024ರ ‘ಪಿಎಂ ಸೂರ್ಯ ಘರ್’ ಯೋಜನೆ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಕೊಟ್ಟ ಮೇಲೆ ಮನೆಗಳ ಮಟ್ಟಿಗೆ ಪ್ಯಾನೆಲ್ ಪ್ರಶ್ನೆ ಹೆಚ್ಚುಕಡಿಮೆ ಮುಗಿದಂತೆ. ಸೊಸೈಟಿಯ ಲಿಫ್ಟ್, ಪಂಪ್‌ಗಳಿಗೆ ಕಿಲೋವ್ಯಾಟ್‌ಗೆ 18,000. ಬಾಕಿ ಇರುವುದು ಹೊತ್ತಿನ ಪ್ರಶ್ನೆ. 2025ರ ದರ ಪರಿಷ್ಕರಣೆಯಲ್ಲಿ ರಾಜ್ಯದ ವಿದ್ಯುತ್ ವಿತರಣಾ ಕಂಪನಿ ಮಹಾವಿತರಣದ ಉದ್ಯಮ ಗ್ರಾಹಕರಿಗೆ ಹಗಲು 9ರಿಂದ 5ರವರೆಗೆ ಅಗ್ಗ, ಸಂಜೆ ದುಬಾರಿ ಅಂತಾಯಿತು. ಸ್ಮಾರ್ಟ್ ಮೀಟರ್ ಇರುವ ಮನೆಗಳಿಗೂ ಹಗಲಿನ ರಿಯಾಯಿತಿ ಬಂದಿದೆ. ಮಧ್ಯಾಹ್ನ ಕೊಟ್ಟ ಯುನಿಟ್ ರಾತ್ರಿಯ ಯುನಿಟ್‌ಗೆ ಸಮ ಅನ್ನುವ ಮಾತು ಎಲ್ಲಿಯವರೆಗೆ ಉಳಿಯುತ್ತದೋ, ಅಲ್ಲಿಯವರೆಗೆ ಮನೆಗೆ ಬ್ಯಾಟರಿ ಗಿಟ್ಟುವುದಿಲ್ಲ. ಆ ಮಾತು ಬದಲಾಗುವುದೇ ಆದರೆ, ಈಗಾಗಲೇ ಪ್ಯಾನೆಲ್ ಹಾಕಿಸಿದವರಿಗೆ ಹಳೆಯ ನಿಯಮವನ್ನೇ ಅದರ ಆಯುಷ್ಯ ಮುಗಿಯುವವರೆಗೆ ಉಳಿಸಿಕೊಡಬೇಕು. ನಂಬಿ ದುಡ್ಡು ಹಾಕಿದವರು ಅವರೇ ಅಲ್ವಾ?