ಪದ ಪರಿಚಯ: ರೂಪಾಂತರ

ಮೊಟ್ಟೆಯೊಡೆದು ಬಂದ ಹುಳು ಕೋಶ ಸೇರಿ, ಪತಂಗವಾಗಿ ಹೊರಬರುವುದನ್ನು ಜೀವಶಾಸ್ತ್ರ ರೂಪಾಂತರ ಎನ್ನುತ್ತದೆ. ಕೀಟಗಳ ಮುದ್ರಣಚಿತ್ರಗಳ ವಿಷಯದಲ್ಲಿ ಈ ಪದ ಒಂದು ಚಿತ್ರಕ್ರಮಕ್ಕೂ ಹೊಂದುತ್ತದೆ: ವಾರಗಟ್ಟಲೆ ನಡೆಯುವ ಬದಲಾವಣೆಯ ಹಂತಗಳೆಲ್ಲವೂ ಮುದ್ರಣದ ಒಂದೇ ತಾಮ್ರದ ತಗಡಿನಲ್ಲಿ, ಒಂದೇ ಗಿಡದ ಮೇಲೆ ಒಟ್ಟಿಗೆ ಕಾಣುವಂತೆ ಕೊರೆಯುವ ಕ್ರಮ.

ಇದನ್ನು ತಿಳಿಯಲು ಕೀಟಗಳನ್ನು ಸಾಕಿ, ಗಮನಿಸಿ ಚಿತ್ರಿಸಿದ ಜರ್ಮನ್ ಕಲಾವಿದೆ ಮರಿಯಾ ಸಿಬಿಲ್ಲಾ ಮೇರಿಯನ್ (1647–1717) ಅವರ ಕೃತಿಗಳಿಗಿಂತ ಒಳ್ಳೆಯ ದಾರಿಯಿಲ್ಲ. ಹದಿಮೂರರ ವಯಸ್ಸಿನಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ರೇಷ್ಮೆ ಹುಳುಗಳನ್ನು ಗಮನಿಸತೊಡಗಿದ ಅವರು, 1679ರಲ್ಲಿ ಕಂಬಳಿಹುಳುಗಳ ಕುರಿತ ಪುಸ್ತಕದ ಮೊದಲ ಸಂಪುಟವನ್ನು 50 ತಾಮ್ರಫಲಕ ಚಿತ್ರಗಳೊಂದಿಗೆ ಹೊರತಂದರು. ಮೊದಲ ಚಿತ್ರದಲ್ಲಿರುವುದು ರೇಷ್ಮೆ ಹುಳುವೇ. ಹಿಪ್ಪುನೇರಳೆ ಎಲೆಯ ಸುತ್ತ ಮೊಟ್ಟೆ, ಚಿಕ್ಕ ದೊಡ್ಡ ಹುಳುಗಳು, ಗೂಡು, ಪತಂಗ ಎಲ್ಲವೂ ಇವೆ. ಪೊರೆ ಬಿಡುವ ಹುಳುವಿಗೆ ‘ಜ್ವರ’ ಬಂದಿದೆ ಎನ್ನುವ, ‘ಹಣ್ಣಾದ’ (ಗೂಡು ಕಟ್ಟಲು ಸಿದ್ಧವಾದ) ಹುಳುವನ್ನು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುವ ನಮ್ಮ ರೇಷ್ಮೆ ಬೆಳೆಗಾರರು ಈ ಚಿತ್ರವನ್ನು ಯಾರ ವಿವರಣೆಯೂ ಇಲ್ಲದೆ ಓದಬಲ್ಲರು.

ಹುಳುಹುಪ್ಪಟೆಗಳು ಕೆಸರಿನಿಂದಲೂ ಕೊಳೆತ ಮಾಂಸದಿಂದಲೂ ತಾವಾಗಿಯೇ ಹುಟ್ಟುತ್ತವೆಂಬ ನಂಬಿಕೆ ಆಗಿನ್ನೂ ಅಳಿದಿರಲಿಲ್ಲವಾದ್ದರಿಂದ, ಮೊಟ್ಟೆಯನ್ನೂ ಪತಂಗವನ್ನೂ ಅಕ್ಕಪಕ್ಕ ಇಟ್ಟು ತೋರಿಸುವುದೇ ಒಂದು ವಾದವಾಗಿತ್ತು. ರೂಪಕವಾಗಿಯೂ ಈ ಪದಕ್ಕೆ ಹಳೆಯ ಬೇರುಗಳಿವೆ. ಗ್ರೀಕ್ ಭಾಷೆಯ ‘ಸೈಕೀ’ ಎಂಬ ಒಂದೇ ಪದಕ್ಕೆ ಆತ್ಮ, ಚಿಟ್ಟೆ ಎಂಬ ಎರಡೂ ಅರ್ಥಗಳಿವೆ. ಕ್ರೈಸ್ತ ಯೂರೋಪು ಕೋಶವನ್ನು ಸಮಾಧಿಯೆಂದೂ ಅದರಿಂದ ಹೊರಬಂದ ಚಿಟ್ಟೆಯನ್ನು ಪುನರುತ್ಥಾನವೆಂದೂ ಕಂಡಿತು. ಭಕ್ತೆಯಾಗಿದ್ದ ಮೇರಿಯನ್‌ಗೆ ಈ ಅರ್ಥ ಹೊಸದೇನಲ್ಲ. ಆದರೆ ಅವರ ಚಿತ್ರಗಳಲ್ಲಿ ಹುಳು ಕಚ್ಚಿದ ಎಲೆಯ ತೂತುಗಳೂ ಉಳಿದಿವೆ. ರೂಪಕಕ್ಕಾಗಿ ಹುಳುವಿನ ಹಸಿವನ್ನು ಅವರು ಮರೆಮಾಚಲಿಲ್ಲ ಎಂಬುದೇ ನನಗೆ ಅವುಗಳ ದೊಡ್ಡ ಗುಣವಾಗಿ ಕಾಣುತ್ತದೆ.

1699ರಲ್ಲಿ ಮಗಳೊಂದಿಗೆ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋದ ಅವರು, ಅಲ್ಲಿನ ಕೀಟಗಳ ಕುರಿತ 60 ಚಿತ್ರಗಳ ಪುಸ್ತಕವನ್ನು 1705ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪ್ರಕಟಿಸಿದರು. ಅದರ ಕೆಲವು ಪ್ರತಿಗಳಲ್ಲಿ ಚಿತ್ರವೇ ಇನ್ನೊಂದು ರೂಪಾಂತರ ಪಡೆದಿದೆ. ತಗಡಿನಿಂದ ಆಗಷ್ಟೇ ತೆಗೆದ ಮುದ್ರಣದ ಶಾಯಿ ಆರುವ ಮೊದಲೇ ಅದರ ಮೇಲೆ ಬೇರೊಂದು ಕಾಗದವನ್ನಿಟ್ಟು ಒತ್ತಿದರೆ ಸಿಗುವುದು ಪ್ರತಿಮುದ್ರೆ. ಮುದ್ರಣದಲ್ಲಿ ಎಡಬಲ ಬದಲಾಗಿದ್ದ ಚಿತ್ರ ಇದರಲ್ಲಿ ತಗಡಿನಲ್ಲಿ ಕೊರೆದ ದಿಕ್ಕಿಗೇ ಮರಳುತ್ತದೆ, ಗೆರೆಗಳು ತೆಳುವಾಗುತ್ತವೆ, ತಗಡಿನ ಅಂಚಿನ ಗುರುತು ಇರುವುದಿಲ್ಲ; ಅದರ ಮೇಲೆ ಕೈಯಿಂದ ಬಣ್ಣ ತುಂಬಿದಾಗ, ಕಾಗದದ ಮೇಲಿನ ಕಂಬಳಿಹುಳು ಅಚ್ಚಾದದ್ದೋ ಕುಂಚದಿಂದ ಬರೆದದ್ದೋ ಹೇಳುವುದು ಕಷ್ಟ.