ಲಕ್ವಾ ಆದಮ್ಯಾಲ ತಲಿಗೂ ಒಂದು ವ್ಯಾಯಾಮ ಬೇಕ್ರಿ

ಸಿಂಧನೂರಿನ ದಲಾಲಿ ಅಂಗಡ್ಯಾಗ ಮೂವತ್ತು ವರ್ಷ ಭತ್ತದ ಲೆಕ್ಕ ಬರದ ಯಜಮಾನ್ರೊಬ್ರು ನನ್ನ ಹತ್ರ ಫಿಸಿಯೋಥೆರಪಿಗೆ ಬರ್ತಿದ್ರು, ಲಕ್ವಾ ಹೊಡದು ನಾಕು ತಿಂಗಳಾಗಿತ್ತು, ಕೋಲಿಲ್ದ ನಡೀತಿದ್ರು, ಮುಷ್ಟಿ ಬಿಗಿ ಬಂದಿತ್ತು, ನಾನೂ ಖುಷಿಲೇ ಇದ್ದೆ. ಒಂದಿನ ಅವರ ಮನಿಯವ್ರು ಬಾಗಿಲ ಹತ್ರ ನಿಂತು ಸಣ್ಣ ದನಿಲೆ ಅಂದ್ರು, "ಸರ, ಕೈ ಕಾಲು ಬಂದ್ವು ಖರೆ, ಇವರು ಇನ್ನಾ ಬಂದಿಲ್ರಿ. ಚಾ ಕುಡದು ಐವತ್ತು ಕೊಟ್ರ ತಿರುಗಿ ಎಷ್ಟು ಇಸ್ಕೋಬೇಕು ಅನ್ನೋದೂ ತಿಳೀವಲ್ದು."

ಆ ಮಾತು ನನಗ ಭಾಳ ನಾಟ್ತು. ಲಕ್ವಾ ಹೊಡಿಯೋದು, ಡಾಕ್ಟ್ರು ಸ್ಟ್ರೋಕ್ ಅಂತಾರ, ಅಂದ್ರ ಮೆದುಳಿನ ಒಂದು ಭಾಗಕ್ಕ ರಕ್ತ ನಿಂತದ್ದು ಇಲ್ಲಾ ಒಳಗ ರಕ್ತನಾಳ ಒಡದದ್ದು, ಅದು ಕೈಕಾಲಿನ ಜಾಗ ಒಂದನ್ನೇ ಹುಡುಕ್ಕೊಂಡು ಹೊಡಿಯಂಗಿಲ್ಲ, ಗಮನ, ನೆನಪು, ಯಾವುದರ ಮುಂದ ಯಾವುದು ಮಾಡಬೇಕನ್ನೋ ತಿಳುವಳಿಕಿ ಇವೂ ಪೆಟ್ಟು ತಿಂತಾವ. ಮನ್ಯಾಗ ಮಾತ್ರ 'ವಯಸ್ಸಾತು', 'ಹಟ ಹಿಡೀತಾರ' ಅಂತ ಬಿಟ್ಟುಬಿಡ್ತಾರ. ಈ ಗಮನ, ನೆನಪು ಅಳಿಯಾಕ ಮೋಕಾ ಅಂತ 30 ಅಂಕದ ಒಂದು ಟೆಸ್ಟ್ ಐತಿ, ಗಡಿಯಾರ ಬಿಡಿಸಿ 11 ಗಂಟಿ 10 ನಿಮಿಷ ತೋರ್ಸಬೇಕು, ಐದು ಪದ ನೆನಪಿಟ್ಟು ಹೇಳಬೇಕು. ಸಾಲಿ ಮೆಟ್ಟಿಲು ಹತ್ತದವ್ರಿಗೆ ಅದು ನ್ಯಾಯ ಅಲ್ಲ ಅಂತ ನನ್ನ ಅನಿಸಿಕಿ. ಅಂಥವ್ರಿಗೆ ನಾನು ಜೋಳದ ರೊಟ್ಟಿ ಮಾಡೋದು ಮೊದಲಿಂದ ಕಡೀತನ ಹೇಳ್ರಿ ಅಂತೀನಿ, ಎಸರು ಬಿಟ್ಟು ಸೀದಾ ಹಂಚಿಗೆ ಹೋದ್ರ ಅಲ್ಲೇ ಗೊತ್ತಾಗತೈತಿ.

ಇಂಥವ್ರಿಗೆ ಈಗ ನಾನು ಬಾದುವಾನ್‌ಜಿನ್ ಹೇಳಿಕೊಡ್ತೀನಿ. ಚೀನಾದ ವ್ಯಾಯಾಮ, ಹೆಸರಿನ ಅರ್ಥ ಎಂಟು ತುಂಡು ಜರಿ ರೇಷ್ಮಿ, ನಮ್ಮ ಬಸವಣ್ಣನವರಿದ್ದ 12ನೇ ಶತಮಾನದ ಬರಹದಾಗೇ ಇದರ ಹೆಸರು ಸಿಗತೈತಿ, ಈಗ ಎಲ್ಲಾ ಕಡೆ ಕಲಿಸೋ ಪಾಠ ಚೀನಾದವ್ರು 2003ರಾಗ ಒಂದು ಅಳತಿಗೆ ತಂದದ್ದು. ಬರೇ ಎಂಟು ಚಲನೆ. ತಾಯ್‌ಚಿ ಅಂತ ಚೀನಾದ ಇನ್ನೊಂದು ನಿಧಾನ ವ್ಯಾಯಾಮ ಐತಿ, ಅದರ ಹೆಸರಾದ ಸರಳ ಪಾಠಕ್ಕೇ 24 ಭಂಗಿ, ಮರವು ಇದ್ದವ್ರಿಗೆ ಅಷ್ಟು ಆಗಂಗಿಲ್ಲ. ಇಲ್ಲಿ ಒಂದೊಂದೂ ನಿಧಾನ, ಉಸಿರು, ಕಣ್ಣು, ಕೈ ಮೂರೂ ಕೂಡಿ ಹೋಗಬೇಕು, ಮುಂದ ಯಾವುದು ಅಂತ ತಲಿ ನೆನಪಿಟ್ಟಿರಬೇಕು, ಸೈಕಲ್ ತುಳಿಯೋದ್ರಾಗ ಅದು ಬೇಕಾಗಂಗಿಲ್ಲ ನೋಡ್ರಿ.

ಈ ಎಂಟರಾಗ ಎರಡನೇದು ಬಿಲ್ಲು ಎಳಿಯೋದು. ಮಸ್ಕಿ ಕಡೆ ಅಜ್ಜಿಯೊಬ್ರು ತಟ್ಟ್ಯಾಗ ಎಡಗಡಿ ಪಲ್ಯ ಹಂಗೇ ಬಿಡ್ತಿದ್ರು, ಸೊಸಿ ಪಾಪ ತನ್ನ ಅಡಗಿ ಸೇರಂಗಿಲ್ಲ ಅಂತ ತಿಳ್ಕೊಂಡಿದ್ಲು. ಬಲ ಮೆದುಳಿಗೆ ಪೆಟ್ಟಾದ್ರ ಕೆಲವ್ರಿಗೆ ಕಣ್ಣು ಚಲೋ ಇದ್ರೂ ಎಡಗಡಿ ಲೋಕ ಲಕ್ಷ್ಯಕ್ಕ ಬರಂಗಿಲ್ಲ. ಬಿಲ್ಲು ಎಡಕ್ಕ ಹೂಡಿ, ಬೆರಳ ತುದಿ ಹಿಂದ ಕಣ್ಣು ಹೋಗ್ಲಿ ಅಂತ ದಿನಾ ಮಾಡಿಸಿದೆ, ಜೊತಿಗೆ ಬ್ಯಾರೆ ತರಬೇತಿನೂ ಇತ್ತು, ಆರು ವಾರಕ್ಕ ಪಲ್ಯ ಖಾಲಿ ಆಗಾಕ ಶುರುವಾತು. ಇದರಿಂದಾನೇ ಆತು ಅಂತ ನಾ ಎದಿ ತಟ್ಟಿ ಹೇಳಂಗಿಲ್ಲ. ಬಾದುವಾನ್‌ಜಿನ್ ಬಗ್ಗೆ ಆದ ಅಧ್ಯಯನಗಳು ಹೆಚ್ಚಿನವು ಚೀನಾದ್ವೇ, ಸಣ್ಣವು, ಮೋಕಾ ಅಂಕ ಏರಿದ್ದು ತೋರ್ಸ್ಯಾವ, ಆದ್ರ ಯಾರು ಯಾವ ವ್ಯಾಯಾಮ ಮಾಡಾಕತ್ಯಾರ ಅನ್ನೋದು ಮಾಡೋರಿಗೇ ಗೊತ್ತಿರತೈತಿ, ಅದನ್ನ ಮುಚ್ಚಿಡಾಕ ಬರಂಗಿಲ್ಲ, ಹಂಗಾಗಿ ಆ ಅಂಕದ ಮ್ಯಾಲ ಪೂರಾ ಭರವಸಿ ಇಡಾಕ ಆಗಂಗಿಲ್ಲ. ಗುಳಿಗಿ, ಬಿಪಿ, ಶುಗರ್, ಫಿಸಿಯೋ ಬಿಟ್ಟು ಇದೊಂದೇ ಅಂತ ಯಾರೂ ಹಿಡಕೋಬ್ಯಾಡ್ರಿ.

ದಲಾಲಿ ಅಂಗಡಿ ಯಜಮಾನ್ರಿಗೆ ದೊಡ್ಡ ಲೆಕ್ಕ ತಿರುಗಿ ಬಂದಿಲ್ಲ, ಮಗ ನೋಡ್ಕೋತಾನ. ಚಾದ ಚಿಲ್ರಿ ಎರಡೆರಡು ಸಲ ಎಣಿಸಿ ಅವರೇ ಇಸ್ಕೋತಾರ.

ಮನ್ಯಾಗ ಮಾಡಿಸೋರು ಮೊದಲು ನಿಮ್ಮ ಡಾಕ್ಟ್ರನ್ನ ಕೇಳ್ರಿ. ಸೋತ ಕೈ ಹಿಡದು ಜಗ್ಗಬ್ಯಾಡ್ರಿ, ಭುಜ ಜಾರತೈತಿ. ಉಸಿರು ಕಟ್ಟಿಸಬ್ಯಾಡ್ರಿ, ಬಿಪಿ ಏರತೈತಿ. ತಲಿ ಕೆಳಗ ಬಗ್ಗಿಸೋ ಐದನೇದು, ಆರನೇದು ನಾನಂತೂ ಮೊದಲ ತಿಂಗಳು ಬಿಡ್ತೀನಿ, ಹಿಮ್ಮಡಿ ಎತ್ತಿ ಇಳಿಸೋ ಎಂಟನೇದನ್ನ ಕುರ್ಚಿ ಹಿಡಕೊಂಡೇ. ನಿಲ್ಲಾಕ ಆಗದವ್ರು ಕುಂತೇ ಮಾಡ್ಲಿ. ನಮ್ ಬಿಸಲಿಗೆ ಬೆಳಿಗ್ಗಿ ಏಳರೊಳಗ ಮುಗಸ್ರಿ, ಹತ್ತು ನಿಮಿಷದಿಂದ ಶುರು ಮಾಡಿ ಅರ್ಧ ತಾಸಿಗೆ ಒಯ್ರಿ, ವಾರಕ್ಕ ಐದು ದಿನ, ಕಡಿಮಿ ಅಂದ್ರೂ ಮೂರು ತಿಂಗಳು. ಮನಿ ಮಂದ್ಯಾಗ ಒಬ್ರು ಎದುರಿಗೆ ನಿಂತು ತಾವೂ ಮಾಡ್ರಿ, ಮುಂದಿನದು ಯಾವುದಂತ ನೀವು ಹೇಳೂಕಿಂತ ಮೊದಲು ಅವರಿಗೆ ಒಂದೀಟು ಯೋಚನಿ ಮಾಡಾಕ ಬಿಡ್ರಿ.